ಕೋಣನ ಕಿವಿ, ಕುದುರೆಯ ಕಿವಿ

ಜಪಾನಿ ಭಾಷೆಯಲ್ಲಿ ಒಂದು ಗಾದೆಯಿದೆ: 'ಉಮಾ ನೊ ಮಿಮಿ ನಿ ನೆಂಬುತ್ಸು'. ಉಮಾ ಎಂದರೆ ಕುದುರೆ, ಮಿಮಿ ಎಂದರೆ ಕಿವಿ. ಕುದುರೆಯ ಕಿವಿಯಲ್ಲಿ ನೆಂಬುತ್ಸು ಪಠಿಸಿದಂತೆ ಎಂದು ಅದರ ಅರ್ಥ. ಎಷ್ಟು ಹೇಳಿದರೂ ತಲೆಗೆ ಹಾಕಿಕೊಳ್ಳದವನ ಬಗ್ಗೆ ಅಲ್ಲಿಯವರು ಈ ಮಾತು ಆಡುತ್ತಾರೆ. ನನಗೆ ಇದನ್ನು ತಿಳಿಸಿದವನು ನನ್ನ ಅಕ್ಕನ ಮಗ. ಬೆಂಗಳೂರಿನ ಹತ್ತಿರ ಜಪಾನಿನವರ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಅವನು ಸಂಜೆಯ ಹೊತ್ತು ಅವರ ಭಾಷೆಯನ್ನೂ ಕಲಿಯುತ್ತಾನೆ. ಬಕ್ರೀದಿಗೆ ಸಾವಳಗಿಗೆ ಬಂದಿದ್ದಾಗ, "ಮಾಮಾ, ನಾವು ಕ್ವಾಣನ ಮುಂದ ಕಿನ್ನರಿ ಅಂತೀವಲ್ಲ, ಅದನ್ನ ಅವರು ಕುದರಿ ಕಿವ್ಯಾಗ ಜಪ ಅಂತಾರ" ಎಂದು ಹೇಳಿ ನಕ್ಕ. ನಾನೂ ನಕ್ಕೆ. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ವೃತ್ತಿಯಿಂದ ಕನ್ನಡ ಮಾಸ್ತರನಾದ ನನಗೆ ಗಾದೆಯೊಂದು ಸಿಕ್ಕರೆ ಅದರ ಬೇರು ಹುಡುಕುವ ಚಟ.

ಹುಡುಕುತ್ತಾ ಹೋದರೆ ಈ ಗಾದೆಯ ನೆಂಟರು ಊರೂರಲ್ಲಿ ಸಿಗುತ್ತಾರೆ. ನಮ್ಮಲ್ಲಿ ಕೋಣ, ಕಿನ್ನರಿ. ಉರ್ದುವಿನಲ್ಲಿ 'ಭೈಂಸ್ ಕೆ ಆಗೇ ಬೀನ್ ಬಜಾನಾ'. ಅಲ್ಲಿ ಎಮ್ಮೆ ಇದೆ, ಹಾವಾಡಿಗನ ಪುಂಗಿಯಿದೆ. ಪೂರ್ತಿ ಗಾದೆಯಲ್ಲಿ ಆ ಎಮ್ಮೆ ಸುಮ್ಮನೆ ನಿಂತು ಮೆಲುಕು ಹಾಕುತ್ತದೆ. ಪಾರ್ಸಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 'ಕತ್ತೆಯ ಕಿವಿಯಲ್ಲಿ ಯಾಸೀನ್ ಓದಿದಂತೆ' ಎನ್ನುತ್ತಾರೆ. ಮರಣದ ಹಾಸಿಗೆಯಲ್ಲಿರುವವರ ಪಕ್ಕ ಕುಳಿತು ನಾವು ಓದುವ ಅದೇ ಯಾಸೀನ್. ಚೀನಿಯರಿಗೆ 'ಎತ್ತಿನ ಮುಂದೆ ತಂತಿವಾದ್ಯ ನುಡಿಸಿದಂತೆ' ಎಂಬ ಮಾತಿದೆ. ಇದು ಕನ್ನಡದ ಗಾದೆಗೆ ಎಷ್ಟು ಹತ್ತಿರವೆಂದರೆ, ಒಂದನ್ನು ಇನ್ನೊಂದು ನೋಡಿ ಬರೆದುಕೊಂಡಂತೆ ಕಾಣುತ್ತದೆ. ನಮ್ಮ ಕಿನ್ನರಿಯೂ ತಂತಿವಾದ್ಯವೇ. ಕೋಲಿಗೆ ಸೋರೆಬುರುಡೆ ಕಟ್ಟಿದ ವಾದ್ಯ ಅದು. 12ನೇ ಶತಮಾನದ ಶರಣರಲ್ಲಿ ಕಿನ್ನರಿ ಬೊಮ್ಮಯ್ಯ ಎಂಬವರ ಹೆಸರೇ ಅದರಿಂದ ಬಂತು. ಅದನ್ನು ನುಡಿಸುತ್ತಾ ಊರೂರು ತಿರುಗಿದವರು ಕಿನ್ನರಿ ಜೋಗಿಗಳು. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯಲ್ಲಿ ಇದೇ ವಾದ್ಯ ಕೇಳಿ ಇಲಿಗಳೆಲ್ಲ ಹಿಂದೆ ಬಂದುಬಿಡುತ್ತವೆ. ಕೋಣಕ್ಕೆ ಕೇಳದ ಕಿನ್ನರಿ ಇಲಿಗೆ ಹೇಗೆ ಕೇಳಿತು ಎಂದು ತರಗತಿಯಲ್ಲಿ ಒಬ್ಬ ಹುಡುಗ ನನ್ನನ್ನು ಕೇಳಿದ್ದ. ಒಳ್ಳೆಯ ಪ್ರಶ್ನೆ.

ಜಪಾನಿನ ಗಾದೆಗೆ ಬರೋಣ. ನೆಂಬುತ್ಸು ಎಂದರೇನು? ಬೌದ್ಧರಲ್ಲಿ ಅಮಿದಾ ಬುದ್ಧನನ್ನು ನಂಬುವ ಒಂದು ದೊಡ್ಡ ಪಂಥವಿದೆ. ಅವರು 'ನಮು ಅಮಿದಾ ಬುತ್ಸು' ಎಂದು ಜಪಿಸುತ್ತಾರೆ. ಇದೇ ನೆಂಬುತ್ಸು. ಕನ್ನಡದ ಕಿವಿಗೆ ಇದರಲ್ಲಿ ಎರಡು ಶಬ್ದಗಳು ಕೂಡಲೇ ಗುರುತಾಗುತ್ತವೆ. 'ನಮು' ಎಂಬುದು ನಮ್ಮ ಕಡೆಯ 'ನಮೋ'. 'ಅಮಿದಾ' ಎಂಬುದು 'ಅಮಿತಾಭ'. ಇಲ್ಲಿಂದ ಹೊರಟ ಮಾತು ಚೀನಾ ದಾಟಿ, ಸಮುದ್ರ ದಾಟಿ ಅಲ್ಲಿಗೆ ತಲುಪಿ ಕೊನೆಗೆ ಕುದುರೆಯ ಕಿವಿಗೆ ಬಿತ್ತು.

ಆದರೆ ನನಗೆ ಅಚ್ಚರಿಯಾದದ್ದು ಬೇರೆ. ಜಪಾನಿನಲ್ಲಿ ಈ ಜಪವನ್ನು ಜನಸಾಮಾನ್ಯರ ಬಾಯಿಗೆ ತಂದವರು ಹೊನೆನ್ ಎಂಬ ಗುರು (1133-1212) ಮತ್ತು ಅವರ ಶಿಷ್ಯ ಶಿನ್ರಾನ್ (1173-1263). ಆ ಹೊತ್ತಿಗೆ ಅಲ್ಲಿನ ಧರ್ಮವು ಬೆಟ್ಟದ ಮೇಲಿನ ಮಠಗಳಲ್ಲಿ, ಚೀನೀ ಲಿಪಿಯ ಗ್ರಂಥಗಳಲ್ಲಿ, ಓದುಬರಹ ಬಲ್ಲ ಕೆಲವರ ಕೈಯಲ್ಲಿತ್ತು. ಹೊನೆನ್ ಹೇಳಿದ್ದು ಸರಳವಾಗಿತ್ತು. ಓದು ಬಾರದಿದ್ದರೂ ಪರವಾಗಿಲ್ಲ, ಕಠಿಣ ವ್ರತ ಸಾಧ್ಯವಾಗದಿದ್ದರೂ ಪರವಾಗಿಲ್ಲ. ನಂಬಿಕೆಯಿಂದ ಆ ಹೆಸರು ಹೇಳಿದರೆ ಸಾಕು, ಬೇಸಾಯಗಾರನಿಗೂ ಮೀನುಗಾರನಿಗೂ ಹೆಂಗಸಿಗೂ ದಾರಿಯುಂಟು. ಮಠಗಳಿಗೆ ಇದು ಹಿಡಿಸಲಿಲ್ಲ. 1207ರಲ್ಲಿ ಗುರುವನ್ನೂ ಶಿಷ್ಯನನ್ನೂ ರಾಜಧಾನಿಯಿಂದ ಗಡೀಪಾರು ಮಾಡಲಾಯಿತು. ಇದು ನಮ್ಮಲ್ಲಿ ಬಸವಣ್ಣನವರ ವಚನ ಚಳವಳಿ ನಡೆದ ಶತಮಾನದ ಬೆನ್ನಿಗೇ ನಡೆದ ಸಂಗತಿ. ಕಲ್ಯಾಣದಲ್ಲಿಯೂ ಆದದ್ದು ಏನು? ದೇವರ ಮಾತನ್ನು ಮಡಿವಾಳನಿಗೂ ಸಮಗಾರನಿಗೂ ತಿಳಿಯುವ ಕನ್ನಡದಲ್ಲಿ ಆಡಿದರು. ಅದಕ್ಕೆ ತೆತ್ತ ಬೆಲೆ ಎಲ್ಲರಿಗೂ ಗೊತ್ತಿದೆ.

ಅಂದರೆ, ಕುದುರೆಗೆ ತಿಳಿಯಲಿಲ್ಲ ಎಂದು ಗಾದೆ ದೂರುವುದು ಯಾವ ಕ್ಲಿಷ್ಟ ಶಾಸ್ತ್ರವನ್ನೂ ಅಲ್ಲ. ಯಾರಿಗೆ ಶಾಸ್ತ್ರ ತಿಳಿಯುವುದಿಲ್ಲವೋ ಅವರಿಗಾಗಿಯೇ ಕಟ್ಟಿಕೊಟ್ಟ, ಆರೇಳು ಅಕ್ಷರದ ಜಪ ಅದು. ಅಷ್ಟು ಸುಲಭದ್ದೂ ಕೂಡ ಕೆಲವು ಶತಮಾನಗಳಲ್ಲಿ ಅರ್ಥವಿಲ್ಲದ ಗುಣುಗುಣು ಆಗಿ, ಗಾದೆಯ ಗೇಲಿಗೆ ಸಿಕ್ಕಿತು. ಬಾಯಿಪಾಠವಾದ ಮೇಲೆ ಯಾವ ಮಾತಿಗೂ ಈ ಗತಿ ಬರಬಹುದು.

ಈ ಗಾದೆಗಿಂತ ಹಳೆಯದಾದ ಇನ್ನೊಂದು ನುಡಿಗಟ್ಟೂ ಜಪಾನಿನಲ್ಲಿದೆ. 'ಬಾಜಿ ತೋಫೂ', ಎಂದರೆ ಕುದುರೆಯ ಕಿವಿಗೆ ಮೂಡಣ ಗಾಳಿ. (ಅಂಗಡಿಯಲ್ಲಿ ಸಿಗುವ ಸೋಯಾದ ತೋಫುವಿಗೂ ಇದಕ್ಕೂ ಸಂಬಂಧವಿಲ್ಲ.) ಇದು ಚೀನಾದ ಮಹಾಕವಿ ಲಿ ಬಾಯ್ (701-762) ಅವರ ಕವಿತೆಯೊಂದರಿಂದ ಬಂದದ್ದು. ಅಲ್ಲಿ ಮೂಡಣ ಗಾಳಿಯೆಂದರೆ ವಸಂತದ ಗಾಳಿ. ಮನುಷ್ಯನಿಗೆ ಮೈ ಪುಳಕಿಸುವ ಆ ಗಾಳಿ ಕುದುರೆಯ ಕಿವಿ ಸೋಕಿದರೂ ಕುದುರೆಗೆ ಅದರ ಪರಿವೆಯಿಲ್ಲ. ನಮ್ಮ ಕವಿತೆಯನ್ನು ಲೋಕ ಕೇಳುವುದೂ ಹೀಗೆಯೇ ಎಂದು ಕವಿ ಗೆಳೆಯನ ಮುಂದೆ ನೊಂದುಕೊಳ್ಳುತ್ತಾನೆ. ಕವಿಯ ಸಂಕಟ ನಿಜವೇ. ಆದರೂ ಗಮನಿಸಿ, ಇಲ್ಲಿಯೂ ತಪ್ಪು ಕುದುರೆಯದ್ದು.

ಎಲ್ಲ ಗಾದೆಗಳಲ್ಲೂ ತಪ್ಪು ಪ್ರಾಣಿಯದ್ದೇ. ನುಡಿಸಿದವನ ಕಿನ್ನರಿ ಶ್ರುತಿಯಲ್ಲಿತ್ತೇ ಎಂದು ಯಾವ ಗಾದೆಯೂ ಕೇಳುವುದಿಲ್ಲ. ಗಾದೆ ಕಟ್ಟಿದವರು ನುಡಿಸುವವರ ಕಡೆಯವರು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಎಮ್ಮೆಗಳು ಗಾದೆ ಕಟ್ಟುವುದಿಲ್ಲವಲ್ಲ.

ಆದರೆ ಚೀನಾದ ಎತ್ತಿನ ಗಾದೆಗೆ ಒಂದು ಮೂಲಕಥೆಯಿದೆ. ಅದನ್ನು ಓದಿದಾಗ ನಾನು ಬೆರಗಾದೆ. ಬೌದ್ಧಧರ್ಮ ಚೀನಾಕ್ಕೆ ಹೊಸದಾಗಿ ಬಂದಿದ್ದ ಕಾಲದಲ್ಲಿ ಮೌ ಜಿ ಎಂಬ ಪಂಡಿತ ಬರೆದನೆಂದು ಹೇಳಲಾಗುವ ಪ್ರಶ್ನೋತ್ತರ ರೂಪದ ಪುಸ್ತಕದಲ್ಲಿ ಅದು ಬರುತ್ತದೆ. ಗೊಂಗ್‌ಮಿಂಗ್ ಯಿ ಎಂಬ ಸಂಗೀತಗಾರ ಒಂದು ಎತ್ತಿನ ಮುಂದೆ ಕುಳಿತು ಬಲು ಗಂಭೀರವಾದ, ಶಾಸ್ತ್ರೀಯವಾದ ರಾಗವೊಂದನ್ನು ನುಡಿಸಿದ. ಎತ್ತು ತಲೆ ಎತ್ತಲಿಲ್ಲ, ಮೇಯುತ್ತಲೇ ಇತ್ತು. ಇಷ್ಟು ಗಾದೆಗೆ ಬಂದಿದೆ. ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಎತ್ತಿಗೆ ಕೇಳಿಸಲಿಲ್ಲ ಎಂದಲ್ಲ, ಆ ರಾಗ ಅದರ ಕಿವಿಗೆ ಸಂಬಂಧಪಟ್ಟದ್ದಲ್ಲ ಎಂದು ಸಂಗೀತಗಾರನಿಗೆ ಹೊಳೆಯಿತು. ಅವನು ಅದೇ ತಂತಿಗಳ ಮೇಲೆ ಸೊಳ್ಳೆ-ನೊಣಗಳ ಗುಂಯ್‌ಗುಟ್ಟುವಿಕೆಯನ್ನು ನುಡಿಸಿದ. ತಾಯಿಯಿಂದ ಅಗಲಿದ ಕರುವಿನ ಕೂಗನ್ನು ನುಡಿಸಿದ. ಎತ್ತು ಬಾಲ ಬೀಸಿತು, ಕಿವಿ ನಿಮಿರಿಸಿತು, ಅತ್ತಿತ್ತ ಹೆಜ್ಜೆ ಹಾಕುತ್ತಾ ಆಲಿಸಿತು.

ಮೌ ಜಿ ಈ ಕಥೆ ಹೇಳಿದ ಸಂದರ್ಭವೂ ಮುಖ್ಯ. ಒಬ್ಬಾತ ಅವನನ್ನು ಕೇಳುತ್ತಾನೆ: ಬುದ್ಧನ ಸೂತ್ರಗಳು ಅಷ್ಟು ದೊಡ್ಡವು ಎನ್ನುತ್ತೀ, ಮತ್ತೆ ನನ್ನೊಡನೆ ಮಾತಾಡುವಾಗ ನಮ್ಮ ಕನ್‌ಫ್ಯೂಷಿಯಸ್ ಪರಂಪರೆಯ ಗ್ರಂಥಗಳನ್ನೇ ಉದಾಹರಿಸುತ್ತೀಯಲ್ಲ, ಯಾಕೆ? ನೀನು ಬಲ್ಲದ್ದು ಅದನ್ನೇ, ಅದಕ್ಕೆ, ಎಂಬ ಅರ್ಥದ ಉತ್ತರ ಕೊಟ್ಟು ಮೌ ಜಿ ಎತ್ತಿನ ಕಥೆ ಹೇಳುತ್ತಾನೆ. ಎಂದರೆ, ಕೇಳುಗನನ್ನು ಹಳಿಯಲು ಹುಟ್ಟಿದ ಕಥೆಯಲ್ಲ ಅದು. ಹೇಳುವವನಿಗೆ ಹೇಳಿದ ಬುದ್ಧಿ. ಕಾಲ ಕಳೆದಂತೆ ಜನರು ಕಥೆಯ ಮುಂದಿನ ಅರ್ಧವನ್ನು ಮಡಚಿಟ್ಟು, ಹಿಂದಿನ ಅರ್ಧವನ್ನಷ್ಟೇ ಗಾದೆ ಮಾಡಿಕೊಂಡರು. ಅದರಲ್ಲಿ ಅವರಿಗೆ ಅನುಕೂಲವಿತ್ತು.

ಈ ಕಥೆಯನ್ನು ನಾನು ಮೊದಲು ಹೇಳಿದ್ದು ನಮ್ಮ ಅವ್ವನಿಗೆ. ಅವಳ ವಯಸ್ಸು ಈಗ ಎಪ್ಪತ್ತು ದಾಟಿದೆ. ಎರಡು ಎಮ್ಮೆ ಸಾಕಿದ್ದಾಳೆ. ಹೇಳಿ ಮುಗಿಸುವ ಮೊದಲೇ ಅವಳು ಅಂದಳು, "ಇದರಾಗ ಹೊಸಾದೇನೈತಿ? ಎಮ್ಮಿ ಎಲ್ಲಾನೂ ಕೇಳತೈತಿ. ತನಗ ಬೇಕಾದದ್ದು ಕೇಳತೈತಿ." ಹಿಂಡಿ ಕಲಸುವ ಬಕೆಟಿನ ಸದ್ದು ಅಂಗಳದ ಆಚೆ ಆದರೂ ಎಮ್ಮೆ ತಲೆ ತಿರುಗಿಸುತ್ತದೆ. ಅವ್ವನ ಕೆಮ್ಮು ಗುರುತಿದೆ. ನಾನು ಹಿಂಡಲು ಕುಳಿತರೆ ಹಾಲು ಇಳಿಸುವುದಿಲ್ಲ. ಅವ್ವ ಪಕ್ಕದಲ್ಲಿ ನಿಂತು ಬೆನ್ನ ಮೇಲೆ ಕೈಯಾಡಿಸುತ್ತಾ ಏನೋ ಗೊಣಗಿದರೆ ಇಳಿಸುತ್ತದೆ. ಏನು ಹೇಳುತ್ತೀ ಎಂದರೆ "ಏನೂ ಇಲ್ಲ, ಮಾತಾಡಸ್ತೀನಿ" ಎನ್ನುತ್ತಾಳೆ. ಕರು ಸತ್ತರೆ ಅದರ ತೊಗಲಿಗೆ ಹುಲ್ಲು ತುಂಬಿ ತಾಯಿಯ ಮುಂದೆ ನಿಲ್ಲಿಸುವ ಪದ್ಧತಿ ನಮ್ಮ ಕಡೆ ಇತ್ತು. ಗೊಂಗ್‌ಮಿಂಗ್ ಯಿ ತಂತಿಯಲ್ಲಿ ಮಾಡಿದ್ದನ್ನು ಒಕ್ಕಲಿಗರು ಹುಲ್ಲಿನಲ್ಲಿ ಮಾಡುತ್ತಿದ್ದರು.

ನಮ್ಮದು ನದಾಫರ ಮನೆ. ಪಿಂಜಾರರು ಎಂದರೂ ಅದೇ. ನಮ್ಮ ಮುತ್ಯಾನ ಕಾಲದವರೆಗೆ ಅರಳೆ ಹಿಂಜುವುದೇ ಕಸುಬು. ಚಳಿಗಾಲ ಬಂತೆಂದರೆ ಬಿಲ್ಲು ಹೆಗಲಿಗೇರಿಸಿ ಊರೂರು ತಿರುಗಿ ಗಾದಿ, ದಿಂಬು ತುಂಬಿ ಕೊಡುವುದು. ಆ ಬಿಲ್ಲೂ ಒಂದು ರೀತಿಯ ಕಿನ್ನರಿಯೇ. ಬಿಗಿದ ತಂತಿಯನ್ನು ಮರದ ಕೊಡತಿಯಿಂದ ಮೀಟಿದರೆ ಠಂಯ್ ಎನ್ನುವ ನಾದ ಓಣಿಯ ಕೊನೆಯವರೆಗೂ ಕೇಳುತ್ತಿತ್ತು. ಈ ಕಡೆಯ ಬಹಳಷ್ಟು ನದಾಫರ ಮನೆಗಳಲ್ಲಿ ಇರುವ ಹಾಗೆ ನಮ್ಮ ಮನೆಮಾತು ಕನ್ನಡ. ಅವ್ವ ಹುಟ್ಟಿದ್ದು ಕನ್ನಡದಲ್ಲಿ, ನಮ್ಮನ್ನು ಬೈದದ್ದು ಕನ್ನಡದಲ್ಲಿ, ನಮಾಝಿನ ನಂತರ ಕೈ ಎತ್ತಿ ದುಆ ಕೇಳುವುದೂ ಕನ್ನಡದಲ್ಲಿ. ಕುರ್‌ಆನಿನ ನಾಲ್ಕಾರು ಚಿಕ್ಕ ಸೂರಾಗಳನ್ನು ಚಿಕ್ಕವಳಿದ್ದಾಗ ಕಲಿತಿದ್ದಾಳೆ. ಉರ್ದು ಅವಳಿಗೆ ಬಾರದು. ಅಂಗಡಿ, ಸಂತೆ, ಬೀಗರ ಮನೆಯ ದಖನಿ ಅಲ್ಪಸ್ವಲ್ಪ ತಿಳಿಯುತ್ತದೆ, ಅಷ್ಟೆ.

ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಒಂದು ಊರಿನಲ್ಲಿ ರಬೀಉಲ್ ಅವ್ವಲ್ ತಿಂಗಳ ಜಲ್ಸಾ ನಡೆಯಿತು. ದೂರದಿಂದ ದೊಡ್ಡ ವಿದ್ವಾಂಸರೊಬ್ಬರನ್ನು ಕರೆಸಿದ್ದರು. ಹೆಂಗಸರಿಗೆ ಪರದೆಯ ಆಚೆ ಕೂರುವ ವ್ಯವಸ್ಥೆಯಿತ್ತು. ಅವ್ವನೂ ಬಂದಿದ್ದಳು. ಒಂದೂವರೆ ತಾಸು ಅವರು ಮಾತನಾಡಿದರು. ಉತ್ತಮ ಉರ್ದು. ಅರಬಿ, ಪಾರ್ಸಿ ಶಬ್ದಗಳು ಮುತ್ತು ಪೋಣಿಸಿದ ಹಾಗೆ. ನನಗೇ ಅರ್ಧ ಅರ್ಥವಾಗಲಿಲ್ಲ. ಹಗಲೆಲ್ಲ ಕಬ್ಬು ಕಡಿದು ಬಂದವರು, ದ್ರಾಕ್ಷಿ ತೋಟದಲ್ಲಿ ದುಡಿದು ಬಂದವರು ಒಬ್ಬೊಬ್ಬರಾಗಿ ತೂಕಡಿಸತೊಡಗಿದರು. ಅತ್ತ ಮಕ್ಕಳು ಅಳುತ್ತಿದ್ದವು. ಉಪನ್ಯಾಸಕರಿಗೆ ಸಿಟ್ಟು ಬಂತು. ಮೈಕಿನಲ್ಲಿಯೇ, "ನಿಮಗೆ ಹೇಳುವುದೂ ಒಂದೇ, ಭೈಂಸ್ ಕೆ ಆಗೇ ಬೀನ್ ಬಜಾನಾ ಭೀ ಒಂದೇ" ಎಂಬ ಅರ್ಥದಲ್ಲಿ ಗದರಿದರು. ಜನರೆಲ್ಲ ಗೊಳ್ಳೆಂದು ನಕ್ಕರು. ಆ ರಾತ್ರಿ ಅಲ್ಲಿದ್ದ ಎಲ್ಲರಿಗೂ ಪೂರ್ತಿ ಅರ್ಥವಾದ ಮಾತು ಅದೊಂದೇ ಆಗಿತ್ತು.

ಟೆಂಪೋದಲ್ಲಿ ಮರಳುವಾಗ ಅವ್ವನನ್ನು ಕೇಳಿದೆ, ಏನು ತಿಳಿಯಿತು ಎಂದು. "ಮೊದಲಿಗೆ ಬಿಸ್ಮಿಲ್ಲಾ ಅಂದ್ರು, ತಿಳೀತು. ಕಡೀಕ ಆಮೀನ ಅಂದ್ರು, ತಿಳೀತು. ನಡುವಿಂದು ಅವರದು" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅಪಹಾಸ್ಯವೂ ಇರಲಿಲ್ಲ. ಅದೇ ನನಗೆ ಹೆಚ್ಚು ನೋವಾದದ್ದು. ನಡುವಿನದು ತನ್ನದಲ್ಲ ಎಂದು ಎಪ್ಪತ್ತು ವರ್ಷದ ಮೊಮೀನ್ ಹೆಣ್ಣುಮಗಳೊಬ್ಬಳು ಒಪ್ಪಿಕೊಂಡುಬಿಟ್ಟಿದ್ದಳು.

ಕೇಳದಿರುವುದರಲ್ಲಿ ಎರಡು ಬಗೆ ಇದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಕೇಳಲೊಲ್ಲದವರೂ ಲೋಕದಲ್ಲಿದ್ದಾರೆ. ನೂಹ್(ಅ) ತಮ್ಮ ಜನರನ್ನು ಹಗಲಿರುಳು ಕರೆದರು. ಜನರು ಕಿವಿಯಲ್ಲಿ ಬೆರಳಿಟ್ಟುಕೊಂಡು, ಮುಖಕ್ಕೆ ಬಟ್ಟೆ ಎಳೆದುಕೊಂಡರು ಎಂದು ಕುರ್‌ಆನ್ ತಿಳಿಸುತ್ತದೆ. ಅಲ್ಲಿ ತಪ್ಪು ಕೇಳುಗರದ್ದೇ. ಆದರೆ ಅದೇ ಅಧ್ಯಾಯದಲ್ಲಿ ಇನ್ನೊಂದು ಸಂಗತಿಯೂ ಇದೆ. ಅವರು ಬಹಿರಂಗವಾಗಿ ಹೇಳಿ ನೋಡಿದರು, ಗುಟ್ಟಾಗಿ ಒಬ್ಬೊಬ್ಬರಿಗೆ ಹೇಳಿ ನೋಡಿದರು, ಮಳೆಯ ಬಗ್ಗೆ, ತೋಟಗಳ ಬಗ್ಗೆ, ಮಕ್ಕಳುಮರಿಯ ಬಗ್ಗೆ ಹೇಳಿ ನೋಡಿದರು. ರಾಗ ಬದಲಿಸಿ ಬದಲಿಸಿ ನುಡಿಸಿದರು. ಅದಾದ ಮೇಲೆಯೇ ಅವರ ದೂರು ಅಲ್ಲಾಹನ ಸನ್ನಿಧಿಗೆ ಹೋದದ್ದು. ಒಂದೂವರೆ ತಾಸಿಗೇ ಅವರು ಯಾರನ್ನೂ ಎಮ್ಮೆ ಎನ್ನಲಿಲ್ಲ. ಬೆರಳಿಟ್ಟುಕೊಂಡ ಕಿವಿಗೂ ಮಾತೇ ತಲುಪದ ಕಿವಿಗೂ ವ್ಯತ್ಯಾಸವಿದೆ. ಗಾದೆಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಕತ್ತೆಯ ವಿಷಯಕ್ಕೆ ಬಂದರೆ ಕುರ್‌ಆನಿನ ಉಪಮೆ ಪಾರ್ಸಿ ಗಾದೆಯನ್ನು ತಲೆಕೆಳಗು ಮಾಡಿಬಿಡುತ್ತದೆ. 62ನೇ ಅಧ್ಯಾಯದ 5ನೇ ವಚನದಲ್ಲಿ ಬೆನ್ನ ಮೇಲೆ ಗ್ರಂಥಗಳನ್ನು ಹೊತ್ತ ಕತ್ತೆಯ ಉಪಮೆ ಬರುತ್ತದೆ. ಅದು ಯಾರ ಕುರಿತು? ಓದುಬಾರದ ಕೇಳುಗನ ಕುರಿತಲ್ಲ. ದೇವಗ್ರಂಥವನ್ನು ಕೈಗೆ ಕೊಟ್ಟ ಮೇಲೂ ಅದರ ಹೊಣೆ ಹೊರದವರ ಕುರಿತು. ಆ ಅಧ್ಯಾಯದ ಹೆಸರು ಅಲ್ ಜುಮುಅ, ಎಂದರೆ ಶುಕ್ರವಾರ. ನಾಲ್ಕು ವಚನಗಳು ಕಳೆದರೆ, ಶುಕ್ರವಾರದ ಕರೆ ಕೇಳಿದೊಡನೆ ವ್ಯಾಪಾರ ಬಿಟ್ಟು ದೇವಸ್ಮರಣೆಗೆ ಧಾವಿಸಿರಿ ಎಂಬ ಆದೇಶ ಬರುತ್ತದೆ. ವ್ಯಾಪಾರ ಬಿಟ್ಟು ಬಂದವನಿಗೆ ಅಲ್ಲಿ ಏನು ಸಿಗಬೇಕು ಎಂಬ ಪ್ರಶ್ನೆ ಆಗ ತಾನಾಗಿಯೇ ಏಳುತ್ತದೆ. ಯಾವ ಪ್ರವಾದಿಯನ್ನೂ ಅವರ ಜನರ ಭಾಷೆಯಲ್ಲಲ್ಲದೆ ಕಳಿಸಲಿಲ್ಲ ಎಂದು ಇಬ್ರಾಹೀಮ್ ಅಧ್ಯಾಯ ಹೇಳುತ್ತದೆ. ನಮ್ಮ ಪ್ರವಾದಿ(ಸ)ಯವರ ಮಾತು ಎಷ್ಟು ನಿಧಾನ, ಎಷ್ಟು ಸ್ಪಷ್ಟವಾಗಿತ್ತೆಂದರೆ ಬೇಕಾದರೆ ಶಬ್ದಗಳನ್ನು ಎಣಿಸಬಹುದಿತ್ತು ಎಂದು ಆಯಿಶಾ(ರ) ನೆನಪಿಸಿಕೊಂಡಿದ್ದಾರೆ. ಜನರಿಗೆ ಎಟಕುವಷ್ಟನ್ನೇ, ಎಟಕುವ ರೀತಿಯಲ್ಲಿ ಹೇಳಬೇಕು ಎಂಬ ಅರ್ಥದ ಎಚ್ಚರಿಕೆ ಅಲಿ(ರ) ಅವರದಾಗಿ ಬುಖಾರಿಯಲ್ಲಿದೆ.

ಜುಮಾದ ಖುತ್ಬಾ ಅರಬಿಯಲ್ಲಿಯೇ ಇರಬೇಕೇ, ಬೇರೆ ಭಾಷೆಯಲ್ಲೂ ಆಗಬಹುದೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆ ಚರ್ಚೆಗೆ ನಾನು ಇಳಿಯುವುದಿಲ್ಲ, ಅದು ನನ್ನ ಅರ್ಹತೆಯೂ ಅಲ್ಲ. ಖುತ್ಬಾ ಅರಬಿಯಲ್ಲೇ ಇರಲಿ ಎನ್ನುವವರು ಕೂಡ ಅದಕ್ಕೆ ಮುಂಚಿನ ಬಯಾನ್ ಜನರ ಭಾಷೆಯಲ್ಲಿ ಆಗಲಿ ಎಂದು ಒಪ್ಪುತ್ತಾರೆ. ತೊಡಕಿರುವುದು ಜನರ ಭಾಷೆ ಯಾವುದು ಎಂಬಲ್ಲಿ. ಕರ್ನಾಟಕದ ಮುಸ್ಲಿಮರು ಎಂದರೆ ಉರ್ದು ಎಂದು ಹೊರಗಿನವರೂ ತಿಳಿದಿದ್ದಾರೆ, ಒಳಗಿನವರೂ ತಿಳಿದಿದ್ದಾರೆ. ಕರಾವಳಿಯ ಬ್ಯಾರಿಗಳಿಗೆ, ಭಟ್ಕಳದ ನವಾಯತರಿಗೆ, ನಮ್ಮಂಥ ಕನ್ನಡದ ನದಾಫರಿಗೆ ಈ ಲೆಕ್ಕದಲ್ಲಿ ಜಾಗವಿಲ್ಲ. ಉರ್ದುವಿನ ಮೇಲೆ ನನಗೆ ಸಿಟ್ಟಿಲ್ಲ, ಅದು ಚೆಲುವಾದ ಭಾಷೆ. ಆದರೆ ಲಿ ಬಾಯ್ ಕವಿಯ ಮೂಡಣ ಗಾಳಿಯೂ ಚೆಲುವಾಗಿಯೇ ಇತ್ತು.

ಇದೆಲ್ಲ ಹೊಸ ಸಮಸ್ಯೆ ಎಂದು ಯಾರೂ ತಿಳಿಯಬಾರದು. ನಮ್ಮ ನೆಲದಲ್ಲಿಯೇ ಇದಕ್ಕೆ ಉತ್ತರ ಕಂಡುಕೊಂಡವರಿದ್ದರು. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಗುವವರೆಗೆ ನಾವೂ ಬಿಜಾಪುರ ಜಿಲ್ಲೆಯವರೇ. (2014ರಿಂದ ಅದರ ಹೆಸರು ವಿಜಯಪುರ, ನಮ್ಮ ಅವ್ವನ ಬಾಯಲ್ಲಿ ಹಿಂದೆಯೂ ಇಂದೂ ವಿಜಾಪುರ.) ಆದಿಲಶಾಹಿ ಕಾಲದಲ್ಲಿ ಆ ನಗರದ ಹೊರಗೆ ಶಾಹಪುರ ಗುಡ್ಡದಲ್ಲಿ ನೆಲೆಸಿದ್ದ ಚಿಶ್ತಿ ಸೂಫಿಗಳಿಗೂ ಇದೇ ಇಕ್ಕಟ್ಟು ಎದುರಾಗಿತ್ತು. ಆ ಕಾಲದಲ್ಲಿ ವಿದ್ಯೆಯ ಭಾಷೆ ಅರಬಿ, ಪಾರ್ಸಿ. ಮೀರಾಂಜಿ ಶಮ್ಸುಲ್ ಉಶ್ಶಾಕ್ ಮತ್ತು ಅವರ ಮಗ ಬುರ್ಹಾನುದ್ದೀನ್ ಜಾನಂ ಜನರಾಡುವ ದಖನಿಯಲ್ಲಿ ಬರೆದರು. ಹೀಗೆ ಬರೆದದ್ದೇಕೆ ಎಂದು ಇಬ್ಬರೂ ಸಮಜಾಯಿಷಿ ಕೊಡಬೇಕಾಯಿತು. ಅರಬಿ, ಪಾರ್ಸಿ ತಿಳಿಯದವರಿಗಾಗಿ, ಒಳಗಿನ ಹುರುಳು ನೋಡಿ, ಮೇಲಿನ ಭಾಷೆ ನೋಡಬೇಡಿ ಎಂಬ ಧಾಟಿಯ ಸಮಜಾಯಿಷಿ ಅದು. ಜಾನಂ ಅವರ 'ಇರ್ಶಾದ್‌ನಾಮಾ' 1582ರದ್ದು. ಇಂದು ಯಾವ ಭಾಷೆ ಎಪ್ಪತ್ತು ವರ್ಷದ ಹೆಂಗಸಿಗೆ ಮೈಲಿಗಳಾಚೆಯದಾಗಿದೆಯೋ ಅದರ ಅಕ್ಕನಂತಿರುವ ದಖನಿ ಅಂದು ಕೀಳೆಂದು ಕ್ಷಮೆ ಕೋರಬೇಕಿತ್ತು ಎಂಬುದು ವಿಚಿತ್ರ.

ಆ ಪರಂಪರೆಯವರು ಇನ್ನೂ ಒಂದು ಕೆಲಸ ಮಾಡಿದರು. ಅಮೆರಿಕದ ಇತಿಹಾಸಕಾರ ರಿಚರ್ಡ್ ಈಟನ್ ಬಿಜಾಪುರದ ಸೂಫಿಗಳ ಬಗ್ಗೆ 1978ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿವರವಾಗಿ ಬರೆದಿದ್ದಾರೆ. 'ಚಕ್ಕೀನಾಮಾ', 'ಚರಖಾನಾಮಾ' ಎಂಬ ಹಾಡುಗಳವು. ಹೆಂಗಸರು ಬೀಸುಕಲ್ಲಿನ ಮುಂದೆ, ಚರಖಾದ ಮುಂದೆ ಕುಳಿತು ಹಾಡಿಕೊಳ್ಳಲು ಕಟ್ಟಿದವು. ಬೀಸುಕಲ್ಲಿನ ಹಿಡಿಕೆ ನೆಟ್ಟಗೆ ನಿಂತ ಅಲಿಫ್ ಅಕ್ಷರ, ಅದು ಅಲ್ಲಾಹನ ಹೆಸರಿನ ಮೊದಲಕ್ಷರ. ಕೈ ತಿರುಗಿದಂತೆ ದೇವರ ಹೆಸರು ಉಸಿರಿನಲ್ಲಿ ಸೇರಬೇಕು. ಬೀಸುಕಲ್ಲಿನ ಲಯ, ಹಾಡಿನ ಲಯ ಎರಡೂ ಒಂದೇ. ಸೂಫಿಗಳ ಎಲ್ಲ ವಿಚಾರಗಳನ್ನು ನಾನು ಒಪ್ಪುವವನಲ್ಲ, ಈ ಪತ್ರಿಕೆಯ ಓದುಗರಲ್ಲೂ ಅನೇಕರು ಒಪ್ಪಲಾರರು. ಆದರೆ ನಸುಕಿನಲ್ಲಿ ಎದ್ದು ಜೋಳ ಬೀಸುವ ಹೆಂಗಸಿನ ಕೈಯಲ್ಲಿ ಏನಿದೆ, ಕಿವಿಯಲ್ಲಿ ಯಾವ ಸದ್ದಿದೆ ಎಂದು ಅವರು ನೋಡಿದರು. ಗೊಂಗ್‌ಮಿಂಗ್ ಯಿ ಕಥೆಯ ಎರಡನೆಯ ಅರ್ಧವನ್ನು ಅವರು ಬಲ್ಲವರಾಗಿದ್ದರು. ಹೆಚ್ಚುಕಡಿಮೆ ಮೀರಾಂಜಿಯವರ ಕಾಲದಲ್ಲೇ ಜಪಾನಿನಲ್ಲಿ, ಶಿನ್ರಾನರ ಪರಂಪರೆಯ ರೆನ್ನ್ಯೊ (1415-1499) ಎಂಬ ಗುರು ಹಳ್ಳಿಗಳ ಜನರಿಗಾಗಿ ಆಡುಮಾತಿಗೆ ಹತ್ತಿರವಾದ ಸರಳ ಜಪಾನಿಯಲ್ಲಿ ಪತ್ರಗಳನ್ನು ಬರೆಯುತ್ತಿದ್ದರು. ಸಭೆ ಸೇರಿದಾಗ ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಕೇಳುವುದು. ಕುದುರೆಗಳು ಕೇಳಿದವು. ಆ ಪಂಥ ಇಂದಿಗೂ 

ಅಲ್ಲಿ ದೊಡ್ಡ ಪಂಥಗಳಲ್ಲಿ ಒಂದು.

ಕನ್ನಡದಲ್ಲಿ ಇದೇ ಕೆಲಸವನ್ನು ಶಿಶುನಾಳದ ಶರೀಫ ಸಾಹೇಬರು (1819-1889) ಮಾಡಿದರು. ಸೋರುವ ಮಾಳಿಗೆ ಅವರಿಗೆ ಸಾಕಾಗಿತ್ತು. ಸೋರುವ ಮಾಳಿಗೆ ಯಾರ ಮನೆಯಲ್ಲಿಲ್ಲ? ಮೊಹರಮ್ಮಿನ ರಿವಾಯತ ಪದಗಳನ್ನೂ ನಮ್ಮ ಹಳ್ಳಿಗಳಲ್ಲಿ ಕನ್ನಡದಲ್ಲೇ ಹಾಡುತ್ತಾರೆ. ಅಲಾಯಿ ಕುಣಿತ, ಪಂಜಾಗಳ ಬಗ್ಗೆ ನನ್ನ ತಕರಾರು ಇದ್ದೇ ಇದೆ. ಹಾಗಿದ್ದರೂ ಕರ್ಬಲಾದ ಕಥೆ ನಮ್ಮ ಅವ್ವನಿಗೆ ಗೊತ್ತಿರುವುದು ಯಾವ ಜಲ್ಸಾದಿಂದಲೂ ಅಲ್ಲ, ಆ ಪದಗಳಿಂದ. ಇಮಾಮ್ ಹುಸೇನ್(ರ) ಅವರ ಬಾಯಾರಿಕೆಯನ್ನು ಹೇಳುವಾಗ ಅವಳ ಕಣ್ಣು ಇವತ್ತಿಗೂ ಒದ್ದೆಯಾಗುತ್ತದೆ. ಅದು 'ಅವರದು' ಅಲ್ಲ. ಅವಳದೇ.

ನಮ್ಮ ಓಣಿಯ ಮಸೀದಿಯಲ್ಲಿ ಈಚೆಗೆ ಒಂದು ಬದಲಾವಣೆಯಾಯಿತು. ಜುಮಾದ ಮೊದಲು ಹತ್ತು ನಿಮಿಷ ಕನ್ನಡದಲ್ಲಿ ಮಾತನಾಡಲು ಕಮಿಟಿಯವರು ಒಪ್ಪಿದರು. ಒಪ್ಪಿಸಲು ಎರಡು ವರ್ಷ ಹಿಡಿಯಿತು. ಕನ್ನಡದಲ್ಲಿ ಹೇಳಿದರೆ ದೀನಿನ ಗಾಂಭೀರ್ಯ ಉಳಿಯುತ್ತದೆಯೇ ಎಂದು ಹಿರಿಯರೊಬ್ಬರು ಕೇಳಿದ್ದರು, ಅದನ್ನೂ ಕನ್ನಡದಲ್ಲೇ ಕೇಳಿದ್ದರು. ಪದವಿ ಓದಿದ ಹುಡುಗನೊಬ್ಬ ಈ ಕೆಲಸಕ್ಕೆ ಮುಂದೆ ಬಂದ. ಮೊದಲ ವಾರ ಅವನು ಪುಸ್ತಕ ಹಿಡಿದು ಓದಿದ. ಧ್ವನಿವರ್ಧಕ ಇದ್ದುದರಿಂದ ಮನೆಯಲ್ಲಿ ಅವ್ವನಿಗೂ ಕೇಳಿಸಿತು. ನಾನು ಮರಳಿ ಬಂದಾಗ ಉತ್ಸಾಹದಿಂದ ಕೇಳಿದೆ, "ಹೆಂಗಿತ್ತವ್ವಾ?"

"ಛಲೋ ಓದ್ತಾನ ಹುಡುಗ. ಅದು ಯಾವೂರ ಕನ್ನಡೋ?"

ನಾನು ಪೆಚ್ಚಾದೆ. 'ಸತ್ಯವಿಶ್ವಾಸಿಗಳು', 'ಪರಲೋಕ', 'ಸಹನಶೀಲತೆ', 'ನಿಷ್ಕಳಂಕ' ಎಂದೆಲ್ಲ ಆ ಪುಸ್ತಕದಲ್ಲಿತ್ತು. ಕರಾವಳಿಯಲ್ಲಿ ಅಚ್ಚಾಗುವ ನಮ್ಮ ಧಾರ್ಮಿಕ ಪುಸ್ತಕಗಳ ಕನ್ನಡ, ನಾನು ತರಗತಿಯಲ್ಲಿ ಕಲಿಸುವ ಕನ್ನಡ, ಈಗ ಈ ಲೇಖನ ಬರೆಯುತ್ತಿರುವ ಕನ್ನಡ, ಎಲ್ಲ ಅದೇ. ಅವ್ವನಿಗೆ 'ನೆರೆಹೊರೆಯವರ ಹಕ್ಕುಬಾಧ್ಯತೆಗಳು' ಎಂದರೆ ಸರಕಾರಿ ಕಚೇರಿಯ ನೋಟಿಸು. 'ಬಾಜೂ ಮನಿಯವರು' ಎಂದರೆ ಮಾತ್ರ ಗೋಡೆಯಾಚೆ ಇರುವವರು.

ಇದನ್ನು ಹುಡುಗನಿಗೆ ಹೇಳಿದೆ. ಅವನು ಬೇಸರಪಟ್ಟುಕೊಳ್ಳಲಿಲ್ಲ. ಬುದ್ಧಿವಂತ, ಹೊಲದಲ್ಲಿ ದುಡಿದವನು. ಮುಂದಿನ ವಾರದಿಂದ ಪುಸ್ತಕವನ್ನು ಮನೆಯಲ್ಲಿ ಓದಿಕೊಂಡು ಬಂದು, ಮಸೀದಿಯಲ್ಲಿ ಬಾಯಲ್ಲಿ ಹೇಳತೊಡಗಿದ. ಒಮ್ಮೆ ನೆರೆಯವರ ವಿಷಯವನ್ನೇ ತೆಗೆದುಕೊಂಡ. ಸಾರು ಮಾಡುವಾಗ ಒಂದು ತಂಬಿಗೆ ನೀರು ಹೆಚ್ಚಿಗೆ ಹಾಕಿ ಬಾಜೂ ಮನೆಗೂ ಕೊಡಬೇಕೆಂದು ಪ್ರವಾದಿ(ಸ) ಕಲಿಸಿದ್ದನ್ನು ನಮ್ಮ ಕಡೆಯ ಮಾತಿನಲ್ಲಿ ಹೇಳಿದ. ಬಾಜೂ ಮನೆಯವರು ಯಾವ ಜಾತಿ, ಯಾವ ಮತ ಎಂದು ಅಲ್ಲಿ ಕೇಳಿಲ್ಲ ಎಂದೂ ಸೇರಿಸಿದ. ಎಮ್ಮೆ ಹಗ್ಗ ಹರಿದುಕೊಂಡು ಪಕ್ಕದವರ ಬಣವೆಗೆ ಬಾಯಿ ಹಾಕಿದರೆ ಇಬ್ಬರೂ ಎಷ್ಟು ವರ್ಷ ಮಾತು ಬಿಡಬೇಕು ಎಂದು ಹದೀಸಿನಲ್ಲಿ ಬರೆದಿದೆಯೇನು, ಮೂರು ದಿನದ ಮೇಲೆ ಮಾತು ಬಿಡಬಾರದೆಂದೇ ಇದೆ ಎಂದು ಕೇಳಿ, ಒಂದು ಕ್ಷಣ ಸುಮ್ಮನಾದ. ಒಳಗಿದ್ದವರು ಒಬ್ಬರನ್ನೊಬ್ಬರು ನೋಡಿಕೊಂಡು ನಕ್ಕರು. ಉದಾಹರಣೆ ಎಲ್ಲಿಂದ ಬಂತೆಂದು ಓಣಿಗೆಲ್ಲ ಗೊತ್ತಿತ್ತು. ನಮ್ಮ ಎಮ್ಮೆ ಎಡಗಡೆಯ ಮನೆಯವರ ಕಣಿಕೆಯ ಬಣವೆಗೆ ಬಾಯಿ ಹಾಕಿ ನಾಲ್ಕು ವರ್ಷವಾಗಿತ್ತು. ಅಂದಿನಿಂದ ಅವ್ವ ಮತ್ತು ಆ ಮನೆಯ ಹಿರಿಯಳು ಎದುರಾದರೆ ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡುತ್ತಿದ್ದರು.

ನಾನು ಮನೆಗೆ ಬಂದಾಗ ಅವ್ವ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಮರುದಿನ ಮುಂಜಾನೆ ಮಜ್ಜಿಗೆ ಕಡೆದವಳು ಒಂದು ತಂಬಿಗೆ ತುಂಬಿಕೊಂಡು, ಮೇಲೆ ಒಂದು ಬಟ್ಟಲು ಮುಚ್ಚಿ, ಎಡಗಡೆಯ ಮನೆಗೆ ಹೋದಳು. ಬಹಳ ಹೊತ್ತು ಅಲ್ಲೇ ಇದ್ದಳು. ಏನೇನು ಮಾತಾಯಿತೆಂದು ನನಗೆ ಹೇಳಿಲ್ಲ. ಅವರು ತಂಬಿಗೆಯನ್ನು ಸಂಜೆ ಮೊಮ್ಮಗಳ ಕೈಯಲ್ಲಿ ಮರಳಿಸಿದರು. ನಮ್ಮ ಕಡೆ ಕೊಟ್ಟ ಪಾತ್ರೆಯನ್ನು ಬರಿದಾಗಿ ಮರಳಿಸುವುದಿಲ್ಲ, ನಾಲ್ಕು ಮೆಣಸಿನಕಾಯಿಯನ್ನಾದರೂ ಹಾಕಿ ಕೊಡುತ್ತಾರೆ. ಅವರು ಬರಿದೇ ಕಳಿಸಿದ್ದರು. ಅದೊಂದು ತಕರಾರು ಅವ್ವನಿಗೆ ಇನ್ನೂ ಇದೆ.